ಹದಿನಾಲ್ಕನೇ ಸ್ಟಾಪಿನ ಡಬ್ಬಿ

ಬೆಡೋಕ್, ಸಿಂಗಪುರ
4 ಮಾರ್ಚ್ 2019

ಮಿಸ್ ಯೀ ಸೂಕ್ ಫನ್ ಅವರಿಗೆ,

ನಿಮಗೂ ನನಗೂ ಪರಿಚಯವಿಲ್ಲ. ಹಾಗಾಗಿ ಕ್ಷೇಮಸಮಾಚಾರ ಕೇಳುವ ನಾಟಕ ಬೇಡ. ನನ್ನ ಹದಿನಾಲ್ಕನೇ ಡಬ್ಬಿ ಇರುವ ಕಡೆ ನಿಮ್ಮ ದರಿದ್ರ ಪ್ಲಾಸ್ಟಿಕ್ ಸೀಸೆ ಕಟ್ಟಿ ಹೋಗಲು ನಿಮಗೆ ಯಾರು ಹೇಳಿದರು?

ನಾನು ಜುಮಾತ್ ಬಿನ್ ಸಾರಿಪ್. ಮೂವತ್ತೊಂದು ವರ್ಷ ಒಂದೇ ರೂಟಿನಲ್ಲಿ ಬಸ್ಸು ಓಡಿಸಿದವನು. ನಿವೃತ್ತನಾದ ಮೇಲೆ ಆ ರೂಟಿನ ಇಪ್ಪತ್ತೆರಡು ಸ್ಟಾಪುಗಳಲ್ಲಿ ಒಂದೊಂದು ಡಬ್ಬಿ ಅಡಗಿಸಿಟ್ಟೆ. ಜಿಯೋಕ್ಯಾಶಿಂಗ್ ಎಂದು ದೊಡ್ಡ ಹೆಸರಿದ್ದರೂ ಈ ಆಟದ ನಿಯಮ ಅಂಗೈ ಮೇಲೆ ಬರೆಯುವಷ್ಟೇ. ಫೋನಿನ ನಕ್ಷೆಯಲ್ಲಿ ಚುಕ್ಕೆ ನೋಡಬೇಕು, ಅಲ್ಲಿಗೆ ಹೋಗಬೇಕು, ಡಬ್ಬಿ ಹುಡುಕಬೇಕು, ಒಳಗಿನ ಕಾಗದದ ಸುರುಳಿಯಲ್ಲಿ ಹೆಸರು ಬರೆದು ಇದ್ದಲ್ಲೇ ಇಡಬೇಕು. ಆಮೇಲೆ ವೆಬ್‌ಸೈಟಿನಲ್ಲಿ ‘ಸಿಕ್ಕಿತು’ ಎಂದು ಹಾಕಬೇಕು. ಸಿಗಲಿಲ್ಲವೋ, ‘ಸಿಗಲಿಲ್ಲ’ ಎಂದು ಹಾಕಿ ತೆಪ್ಪಗೆ ಮನೆಗೆ ಹೋಗಬೇಕು. ಅದರ ಮೇಲೆ ನನ್ನದು ಒಂದೇ ಒಂದು ಷರತ್ತು: ಕಾರಿನಲ್ಲಿ ಬರಬಾರದು, ಬಸ್ಸಿನಲ್ಲೇ ಬರಬೇಕು.

ನೀವೇನು ಮಾಡಿದಿರಿ? ಜನವರಿ ಹನ್ನೆರಡರಂದು ಬಂದಿರಿ. ಹುಡುಕಲು ಕೈಲಾಗಲಿಲ್ಲ. ಸೋತೆ ಎಂದು ಒಪ್ಪಿಕೊಳ್ಳಲು ಮನಸ್ಸಾಗಲಿಲ್ಲ. ನಿಮ್ಮದೇ ಒಂದು ಸೀಸೆ ಕಟ್ಟಿ, ಅದರೊಳಗೆ ನಿಮ್ಮದೇ ಕಾಗದ ತುರುಕಿ, ನಿಮ್ಮ ಹೆಸರನ್ನು ನೀವೇ ಬರೆದುಕೊಂಡು ‘ಸಿಕ್ಕಿತು’ ಎಂದು ಹಾಕಿದಿರಿ! ಪರೀಕ್ಷೆಯಲ್ಲಿ ಪ್ರಶ್ನೆಯನ್ನೂ ತಾನೇ ಬರೆದುಕೊಂಡು ಉತ್ತರವನ್ನೂ ತಾನೇ ಬರೆದ ಹಾಗಾಯಿತು. ಆಮೇಲೆ ಬಂದ ಇಪ್ಪತ್ತೇಳು ಜನ ನಿಮ್ಮ ಸೀಸೆಯಲ್ಲೇ ಸಹಿ ಮಾಡಿ ಹೋಗಿದ್ದಾರೆ. ನನ್ನ ನಿಜವಾದ ಡಬ್ಬಿ ಅಲ್ಲೇ ಅನಾಥವಾಗಿ ಕೂತಿದೆ.

ನಿಮ್ಮ ‘ಸಿಕ್ಕಿತು’ ಎಂಬ ಶೋಧವನ್ನು ವೆಬ್‌ಸೈಟಿನಿಂದ ಅಳಿಸಿದ್ದೇನೆ. ಆ ಇಪ್ಪತ್ತೇಳು ಜನರದ್ದನ್ನೂ ಅಳಿಸಿದ್ದೇನೆ. ಅವರೆಲ್ಲ ನನಗೆ ಬಾಯಿಗೆ ಬಂದ ಹಾಗೆ ಬೈಯುತ್ತಿದ್ದಾರೆ. ಬೈಗುಳ ಸಲ್ಲಬೇಕಾದ್ದು ನಿಮಗೆ. ಸೀಸೆಯೊಳಗೆ ‘ಹಾಳಾದರೆ ತಿಳಿಸಿ’ ಎಂದು ಇಪೋದ ವಿಳಾಸ ಬರೆದಿದ್ದಿರಲ್ಲ, ಯಾರೋ ಹಾಕಿದ ಫೋಟೊದಲ್ಲಿ ಕಂಡಿತು, ಅದಕ್ಕೇ ತಿಳಿಸುತ್ತಿದ್ದೇನೆ. ವೆಬ್‌ಸೈಟಿನಲ್ಲಿ ಬೈದರೆ ಯಾರೋ ಅಳಿಸುತ್ತಾರೆ. ಕಾಗದದ ಮೇಲೆ ಬೈದರೆ ಉಳಿಯುತ್ತದೆ.

ಜುಮಾತ್ ಬಿನ್ ಸಾರಿಪ್

*

ಇಪೋ, ಮಲೇಷ್ಯಾ
13 ಮಾರ್ಚ್ 2019

ಎಂಚಿಕ್ ಜುಮಾತ್ ಅವರಿಗೆ,

ನಿಮ್ಮ ಪತ್ರವನ್ನು ಕೆಂಪು ಪೆನ್ನು ಹಿಡಿದು ಓದಿದೆ. ಮೂವತ್ತೆಂಟು ವರ್ಷ ಶಾಲೆಯಲ್ಲಿ ಗಣಿತ ಹೇಳಿದವಳು, ಅಭ್ಯಾಸ ಹೋಗುವುದಿಲ್ಲ. ಮರ್ಯಾದೆಗೆ ಸೊನ್ನೆ ಅಂಕ ಕೊಟ್ಟಿದ್ದೇನೆ.

ಕೈಲಾಗಲಿಲ್ಲ ಎಂದಿರಿ. ಒಂದು ಗಂಟೆ ಐವತ್ತು ನಿಮಿಷ ಹುಡುಕಿದ್ದೇನೆ ಸ್ವಾಮಿ, ನಡು ಮಧ್ಯಾಹ್ನದ ಬಿಸಿಲಿನಲ್ಲಿ. ಸುತ್ತ ಎತ್ತರದ ವಸತಿ ಕಟ್ಟಡಗಳು, ಫೋನಿನ ಚುಕ್ಕೆ ಕುಡಿದವನ ಹಾಗೆ ಅತ್ತಿತ್ತ ಓಲಾಡುತ್ತಿತ್ತು. ಉಳಿದದ್ದು ನೀವೇ ಕೊಟ್ಟ ಸುಳಿವು: ‘ಬಸ್ಸಿನಿಂದ ಇಳಿದಲ್ಲಿಂದ, ಬಸ್ಸು ಹೊರಟುಹೋಗುವ ದಿಕ್ಕಿಗೆ ಒಂಬತ್ತು ಹೆಜ್ಜೆ. ರೇಲಿಂಗಿನ ಕಂಬದ ಬುಡ.’ ನಾನು ಬರೆದದ್ದನ್ನು ಬರೆದ ಹಾಗೇ ಮಾಡುವವಳು. ಇಳಿದೆ, ಒಂಬತ್ತು ಎಣಿಸಿದೆ, ಕಂಬದ ಬುಡ ನೋಡಿದೆ. ಇಲ್ಲ. ಎಣಿಕೆ ತಪ್ಪಿರಬಹುದೆಂದು ಒಂದು ಸ್ಟಾಪು ಹಿಂದಕ್ಕೆ ಹೋಗಿ, ಮತ್ತೆ ಬಸ್ಸು ಹತ್ತಿ ಬಂದು, ಮತ್ತೆ ಇಳಿದು ಎಣಿಸಿದೆ. ಮೂರು ಸಲ! ಅದೇ ಕಂಬ, ಅದೇ ಖಾಲಿ ಬುಡ.

ನಾನು ಕುಕ್ಕರಗಾಲಲ್ಲಿ ಕೂತದ್ದು ನೋಡಿ ಒಬ್ಬ ಹೆಂಗಸು, “ಏನಾಂಟಿ, ಓಲೆ ಬಿತ್ತಾ?” ಎಂದಳು. ಈ ಆಟ ಆಡದವರಿಗೆ ಡಬ್ಬಿಯ ವಿಷಯ ಹೇಳಬಾರದಲ್ಲ, “ಹೂಂ ಕಣಮ್ಮಾ” ಎಂದೆ. “ಚಿನ್ನದ್ದಾ? ಅಯ್ಯೋ ಪಾಪ, ತಾಳಿ, ನಾನೂ ಹುಡುಕ್ತೀನಿ” ಎಂದು ಪಕ್ಕದಲ್ಲೇ ಕೂತುಬಿಟ್ಟಳು. ಎರಡು ಬಸ್ಸು ಬಿಟ್ಟಳು ಪುಣ್ಯಾತ್ಗಿತ್ತಿ. ಕೊನೆಗೆ ಕಿವಿಯಲ್ಲಿದ್ದ ನನ್ನ ಓಲೆಯನ್ನೇ ಕದ್ದು ಬಿಚ್ಚಿ ನೆಲಕ್ಕೆ ಹಾಕಿ, “ಸಿಕ್ತು” ಎನ್ನಬೇಕಾಯಿತು. ನಿಮ್ಮಿಂದಾಗಿ ಆ ನಾಚಿಕೆಯನ್ನೂ ಅನುಭವಿಸಿದೆ.

ಡಬ್ಬಿ ಕಳೆದುಹೋಗಿದೆ ಎಂದು ನನಗೆ ಖಾತ್ರಿಯಾಯಿತು. ಮುಂದಿನವರಿಗೆ ನಿರಾಸೆಯಾಗದಿರಲಿ, ನಿಮಗೂ ಒಂದು ಓಡಾಟ ಉಳಿಯಲಿ ಎಂದು ಸೀಸೆ ಕಟ್ಟಿದೆ. ನಿಮ್ಮ ಸಾಲಿನ ಉಳಿದ ಇಪ್ಪತ್ತೊಂದು ಡಬ್ಬಿಗಳನ್ನು ಬಸ್ಸಿನಲ್ಲೇ ಹೋಗಿ, ಬೆವರು ಸುರಿಸಿ ಹುಡುಕಿದ್ದೇನೆ. ಉಪಕಾರ ಮಾಡಿದವಳಿಗೆ ಕಳ್ಳಿ ಎಂಬ ಬಿರುದು! ನನ್ನ ಶೋಧವನ್ನು ವಾಪಸು ಹಾಕಿ. ಕ್ಷಮೆಯನ್ನೂ ಕೇಳಿ.

ಯೀ ಸೂಕ್ ಫನ್

*

ಬೆಡೋಕ್
22 ಮಾರ್ಚ್ 2019

ಟೀಚರಮ್ಮನವರಿಗೆ,

ಉಪಕಾರವೇ? ನನ್ನ ಮನೆಯ ಬೀಗ ತೆಗೆಯಲು ಬರಲಿಲ್ಲವೆಂದು ಪಕ್ಕದಲ್ಲಿ ಇನ್ನೊಂದು ಮನೆ ಕಟ್ಟಿ ಹೋಗುವುದು ಯಾವ ಊರಿನ ಉಪಕಾರ?

ನನ್ನ ಡಬ್ಬಿ ಕಳೆದಿಲ್ಲ. ಅಲ್ಲೇ ಇದೆ. ಸ್ವತಃ ನಾನೇ ಮೊನ್ನೆ ಸಂಜೆ ಹೋಗಿ ಬಗ್ಗಿ ಕೈಯಿಂದ ಮುಟ್ಟಿ ನೋಡಿ ಬಂದಿದ್ದೇನೆ. ಬೂದು ಬಣ್ಣ ಬಳಿದ ತಗಡಿನ ಡಬ್ಬಿ, ಹಿಂದೆ ಅಯಸ್ಕಾಂತ, ರೇಲಿಂಗಿನ ಕೆಳಪಟ್ಟಿಗೆ ಅಂಟಿಕೊಂಡಿದೆ. ಸುರುಳಿ ಒಣಗಿದೆ, ಶುದ್ಧವಾಗಿದೆ. ವೆಬ್‌ಸೈಟಿನಲ್ಲೂ ‘ಮಾಲೀಕರು ನೋಡಿದ್ದಾರೆ, ಎಲ್ಲ ಸರಿಯಿದೆ’ ಎಂದು ಹಾಕಿದ್ದೇನೆ. ಪ್ರತಿ ತಿಂಗಳೂ ಹಾಗೇ ಹಾಕುತ್ತೇನೆ, ನನ್ನ ಕೆಲಸದಲ್ಲಿ ಲೋಪ ಹುಡುಕಬೇಡಿ.

ಹದಿನಾಲ್ಕು ನನ್ನ ಸಾಲಿನಲ್ಲೇ ಅತಿ ಕಷ್ಟದ ಡಬ್ಬಿ. ನಾಲ್ಕು ವರ್ಷದಲ್ಲಿ ನೂರಾರು ಜನ ಅಲ್ಲಿ ಬೆವರಿದ್ದಾರೆ. ಅರ್ಧಕ್ಕರ್ಧ ಜನ ಸಿಗಲಿಲ್ಲ ಎಂದು ಬರೆದು ಹೋಗಿದ್ದಾರೆ, ಮತ್ತೆ ಬಂದು ಇಡೀ ರೇಲಿಂಗು ತಡಕಿ ತಡಕಿ ಹುಡುಕಿದ್ದಾರೆ. ಅವರಲ್ಲಿ ಒಬ್ಬರಾದರೂ ಸೀಸೆ ಕಟ್ಟಿದರೇ? ಇಲ್ಲ. ಅವರು ಆಟಗಾರರು. ನೀವು ಒಂಬತ್ತು ಹೆಜ್ಜೆ ಎಣಿಸಿ ನಿಂತುಬಿಟ್ಟಿರಿ. ನನ್ನ ಜಾಣತನದ ಮುಂದೆ ನಿಮ್ಮ ಗಣಿತ ನಡೆಯಲಿಲ್ಲ, ಅಷ್ಟೇ.

ಕ್ಷಮೆ ಕೇಳುವುದಿಲ್ಲ.

ಜುಮಾತ್

*

ಇಪೋ
1 ಏಪ್ರಿಲ್ 2019

ಎಂಚಿಕ್ ಜುಮಾತ್,

ನೀವು ಸುಳ್ಳುಗಾರರು. ಇದನ್ನು ಕೋಪದಿಂದ ಬರೆಯುತ್ತಿಲ್ಲ, ಲೆಕ್ಕ ಬಿಡಿಸಿ ಬರೆಯುತ್ತಿದ್ದೇನೆ.

ಮಾರ್ಚ್ ಇಪ್ಪತ್ತರಂದು ನೀವು ಅಲ್ಲಿ ಹೋಗಿ ಬಗ್ಗಿ ನೋಡಿದ್ದಾದರೆ, ನಿಮ್ಮ ಮೈಯೆಲ್ಲ ಉರಿಸುವ ನನ್ನ ಸೀಸೆಯನ್ನು ಯಾಕೆ ಕಿತ್ತು ಬಿಸಾಡಲಿಲ್ಲ? ಇಪ್ಪತ್ತನಾಲ್ಕರಂದು ಯಾರೋ ಬಂದು ಅದೇ ಸೀಸೆಯ ಫೋಟೊ ಹಾಕಿದ್ದಾರೆ. ನಾನು ಕಟ್ಟಿದ ನೀಲಿ ದಾರ ಕೂಡ ಹಾಗೇ ಇದೆ. ಎರಡು ಹೆಜ್ಜೆ ಇಟ್ಟು ಕೀಳಬಹುದಾದ ಸೀಸೆಯನ್ನು ಬಿಟ್ಟು, ಮೂರು ಪುಟ ಬೈದು, ಅಂಚೆಚೀಟಿ ಹಚ್ಚಿ ಇಪೋಗೆ ಕಳಿಸುವ ಮನುಷ್ಯ ಲೋಕದಲ್ಲಿ ಯಾರಿದ್ದಾರೆ? ನೀವು ಹೋಗಿಯೇ ಇಲ್ಲ. ಹಿಂದೆ ಹಾಕಿದ ‘ಎಲ್ಲ ಸರಿಯಿದೆ’ಗಳನ್ನೂ ತೆಗೆದು ನೋಡಿದೆ. ಹೋದ ಜೂನಿನಿಂದ ಒಂದೇ ವಾಕ್ಯ, ಒಂದು ಚುಕ್ಕೆ ಕೂಡ ಬದಲಿಲ್ಲ. ಮನೆಯಲ್ಲಿ ಕಾಲು ಚಾಚಿ ಕೂತು, ಕಾಫಿ ಹೀರುತ್ತ, ಇಪ್ಪತ್ತೇಳು ಜನರ ಶ್ರಮವನ್ನು ಬೆರಳ ತುದಿಯಲ್ಲಿ ಅಳಿಸಿದ್ದೀರಿ. ಎಷ್ಟು ಕೊಬ್ಬು!

ನಾನು ವೆಬ್‌ಸೈಟಿನ ಪರಿಶೀಲಕರಿಗೆ ದೂರು ಕೊಟ್ಟಿದ್ದೇನೆ. ಉತ್ತರ ಬಂದಿದೆ, ನಿಮಗೂ ಬಂದಿರಬೇಕು. ಏಪ್ರಿಲ್ ಮೂವತ್ತರ ಒಳಗೆ ಇಪ್ಪತ್ತೆರಡೂ ಡಬ್ಬಿಗಳನ್ನು ಮಾಲೀಕರು ತಾವೇ ಹೋಗಿ ನೋಡಿ, ಕೈಯಲ್ಲಿ ಹಿಡಿದ ಫೋಟೊ ಹಾಕಬೇಕು. ಇಲ್ಲದಿದ್ದರೆ ಇಡೀ ಸಾಲನ್ನು ನಕ್ಷೆಯಿಂದ ತೆಗೆಯುತ್ತಾರೆ. ಒಮ್ಮೆ ತೆಗೆದದ್ದನ್ನು ಮತ್ತೆ ಹಾಕುವುದಿಲ್ಲ.

ಈಗ ಏಳಿ ಮೇಲೆ.

ಯೀ ಸೂಕ್ ಫನ್

*

ಬೆಡೋಕ್
10 ಏಪ್ರಿಲ್ 2019

ಮಿಸ್ ಯೀ,

ತಣ್ಣಗಾಯಿತೇ ಹೊಟ್ಟೆ?

ಮೂವತ್ತೊಂದು ವರ್ಷ ಓಡಿಸಿದ ಬಸ್ಸುಗಳು ಯಾವುದೋ ಗುಜರಿಗೆ ಹೋದವು. ನನ್ನ ಜೊತೆಯವರಲ್ಲಿ ಎಷ್ಟೋ ಜನ ಮಣ್ಣಿಗೆ ಹೋದರು. ಡಿಪೊದಲ್ಲಿ ಈಗ ನನ್ನ ಹೆಸರು ಹೇಳಿದರೆ, “ಯಾರು ಅಂಕಲ್ ನೀವು?” ಎನ್ನುತ್ತಾರೆ. ಉಳಿದಿರುವುದು ಆ ನಕ್ಷೆಯ ಮೇಲಿನ ಇಪ್ಪತ್ತೆರಡು ಚುಕ್ಕೆ. ಬೆಳಿಗ್ಗೆ ಎದ್ದರೆ ನಾನು ಓದುವುದು ಅದೊಂದೇ. ಜರ್ಮನಿಯವನೊಬ್ಬ ಮೂರನೇ ಸ್ಟಾಪಿನಲ್ಲಿ ಇಳಿದು ಹಲ್ಲಿ ಕಂಡು ಕಿರುಚಿದೆ ಎಂದು ಬರೆಯುತ್ತಾನೆ. ತಾಯಿಯೊಬ್ಬಳು ಹತ್ತೊಂಬತ್ತನೆಯದರ ಹತ್ತಿರ ಸಿಗುವ ನಾಸಿ ಲೆಮಾಕ್ ಅನ್ನ ಚೆನ್ನಾಗಿದೆ ಎಂದು ಬರೆಯುತ್ತಾಳೆ. ನನ್ನ ರೂಟಿನಲ್ಲಿ ಜನ ಇನ್ನೂ ಹತ್ತುತ್ತಿದ್ದಾರೆ, ಇಳಿಯುತ್ತಿದ್ದಾರೆ. ಅದನ್ನು ನೀವು ಒಂದು ಶೋಧಕ್ಕೋಸ್ಕರ, ಒಂದೇ ಒಂದು ಅಂಕಕ್ಕೋಸ್ಕರ ಕತ್ತು ಹಿಸುಕಿದಿರಿ.

ಅಳಿಸಲಿ. ನಾನು ಫೋಟೊ ಹಾಕುವುದಿಲ್ಲ. ಯಾವನೋ ಪರಿಶೀಲಕ ಹೇಳಿದನೆಂದು ಕುಣಿಯುವವನು ನಾನಲ್ಲ. ಇದೇ ನನ್ನ ಕೊನೆಯ ಪತ್ರ.

ಜುಮಾತ್ ಬಿನ್ ಸಾರಿಪ್

(ಇದೇ ಲಕೋಟೆಯಲ್ಲಿ, ಕ್ಯಾಲೆಂಡರಿನ ಹಾಳೆಯ ಹಿಂಭಾಗದಲ್ಲಿ ಬರೆದ ಚೀಟಿ)

ತಂಗೀ, ನಾನು ಇವರ ಹೆಂಡ್ತಿ ಕಾಲ್ಸೋಮ್. ಅಂಚೆಗೆ ಹಾಕು ಅಂತ ಕೊಟ್ರು, ಅಂಟಿಸೋ ಮುಂಚೆ ಇದನ್ನ ಒಳಗೆ ಸೇರಿಸ್ತಿದ್ದೀನಿ. ನೀವು ಬರ್ದಿದ್ದನ್ನೆಲ್ಲ ಓದಿದೀನಿ. ಕಾಲು ಚಾಚ್ಕೊಂಡು ಕೂತಿದಾರೆ ಅಂದ್ರಲ್ಲ, ಚಾಚೋಕೆ ಇರೋದು ಒಂದೇ ಕಾಲು ಕಣಮ್ಮ. ಸಕ್ಕರೆ ಕಾಯಿಲೆ ಜಾಸ್ತಿಯಾಗಿ ಹೋದ ವರ್ಷ ಮೇ ತಿಂಗಳಲ್ಲಿ ಬಲಗಾಲನ್ನ ಮೊಣಕಾಲಿನ ಕೆಳಗೆ ತೆಗೆದ್ರು. ಆಸ್ಪತ್ರೆಯಿಂದ ಬಂದ ಮೇಲೆ ತಪಾಸಣೆಗೆ ಬಿಟ್ರೆ ಮನೆ ಹೊಸಿಲು ದಾಟಿಲ್ಲ. ಅದಕ್ಕೂ ಟ್ಯಾಕ್ಸಿನೇ ಬೇಕು. “ಬಸ್ಸಲ್ಲಿ ಗಾಲಿಕುರ್ಚಿ ಹತ್ತಿಸ್ತಾರಲ್ರೀ, ಬನ್ನಿ” ಅಂದ್ರೆ ಮೈಮೇಲೆ ಬೀಳ್ತಾರೆ. ಯಾಕೋ ಗೊತ್ತಿಲ್ಲ. ನಾನು ಹೇಳಿದೆ ಅಂತ ಮಾತ್ರ ಬರೀಬೇಡಿ, ಮನೇಲಿ ಅನ್ನ ಮುಟ್ಟಲ್ಲ ಆಮೇಲೆ.

*

ಇಪೋ
17 ಏಪ್ರಿಲ್ 2019

ಎಂಚಿಕ್ ಜುಮಾತ್,

ನಿಮ್ಮ ಕೊನೆಯ ಪತ್ರ ಕೊನೆಯದಾಗಿರಲು ನಾನು ಒಪ್ಪುವುದಿಲ್ಲ. ವಾದ ಶುರು ಮಾಡಿದವರು ಅರ್ಧಕ್ಕೆ ಎದ್ದು ಹೋಗುವಂತಿಲ್ಲ.

ಏಪ್ರಿಲ್ ಇಪ್ಪತ್ತೇಳು, ಶನಿವಾರ ಬೆಳಿಗ್ಗೆ ಎಂಟು ಗಂಟೆಗೆ ನಿಮ್ಮ ಬಾಗಿಲಲ್ಲಿ ಇರುತ್ತೇನೆ. ಶುಕ್ರವಾರ ಹಗಲಿನ ಬಸ್ಸಿಗೆ ಟಿಕೆಟ್ ಮಾಡಿಸಿಯಾಗಿದೆ. ನೀವೇ ನನ್ನನ್ನು ಹದಿನಾಲ್ಕನೇ ಸ್ಟಾಪಿಗೆ ಕರೆದುಕೊಂಡು ಹೋಗಿ, ನಿಮ್ಮ ಡಬ್ಬಿಯನ್ನು ನನ್ನ ಕಣ್ಣಿಗೆ ತೋರಿಸಬೇಕು. ಡಬ್ಬಿ ಇದ್ದರೆ ಅಲ್ಲೇ, ಬಸ್ಸು ಕಾಯುವವರೆಲ್ಲರ ಎದುರಿಗೆ, ಕಿವಿ ಹಿಡಿದು ಕ್ಷಮೆ ಕೇಳುತ್ತೇನೆ. ಇಲ್ಲದಿದ್ದರೆ ನೀವು ಕೇಳಬೇಕು.

ನೆಪ ಹೇಳಬೇಡಿ. ಜ್ವರ, ನೆಂಟರು, ಸೊಂಟನೋವು, ಯಾವುದೂ ನಡೆಯುವುದಿಲ್ಲ. ಮೂವತ್ತೆಂಟು ವರ್ಷ ಎಂಥೆಂಥ ನೆಪಗಳನ್ನು ಕೇಳಿದ್ದೇನೆ ಎಂಬುದು ನಿಮಗೆ ಗೊತ್ತಿಲ್ಲ.

ಯೀ ಸೂಕ್ ಫನ್

*

ಬೆಡೋಕ್
22 ಏಪ್ರಿಲ್ 2019

ಬರಬೇಡಿ. ನಾನು ಊರಲ್ಲಿರುವುದಿಲ್ಲ. ಬಾಗಿಲು ತೆಗೆಯುವುದಿಲ್ಲ.

ಜುಮಾತ್

*

ಬೆಡೋಕ್
30 ಏಪ್ರಿಲ್ 2019

ಟೀಚರಮ್ಮ,

‘ಬರಬೇಡಿ’ ಎಂಬ ನನ್ನ ಕಾರ್ಡು ನೀವು ಹೊರಡುವ ಮೊದಲು ತಲುಪಲಿಲ್ಲ ಎಂಬ ನಿಮ್ಮ ಮಾತನ್ನು ನಾನು ನಂಬುವುದಿಲ್ಲ. ಕುರ್ಚಿಯಲ್ಲಿ ಕೂತ ನನ್ನನ್ನು ನೋಡಿ ನಿಮ್ಮ ಮುಖದಲ್ಲಿ ಕೂದಲೆಳೆಯಷ್ಟೂ ಆಶ್ಚರ್ಯ ಕಾಣಲಿಲ್ಲ. ಕಾಲ್ಸೋಮ್ ಕಳ್ಳಿ. ನೀವಿಬ್ಬರೂ ಚಕ್ಕೋತದ ತೊಳೆ ಬಿಡಿಸುತ್ತ ಅಡುಗೆಮನೆಯಲ್ಲಿ ನಕ್ಕದ್ದು ನನಗೆ ಕೇಳಿಸಿತು. ಇರಲಿ.

“ಏಳಿ ಅಂದ್ನಲ್ಲ, ಏಳಕ್ಕಾಗಲ್ವಾ? ಹಾಗಾದ್ರೆ ಕೂತ್ಕೊಂಡೇ ಬನ್ನಿ!” ಎಂದಿರಿ. ಮನೆಗೆ ಬಂದವರು ಹೀಗೆ ಮಾತಾಡುತ್ತಾರೆಯೇ? ಹನ್ನೊಂದು ತಿಂಗಳಿಂದ ಬಂದವರೆಲ್ಲ ಪಿಸುಪಿಸು ಮಾತಾಡಿ, ನನ್ನ ಕಾಲಿನ ಕಡೆ ನೋಡದ ಹಾಗೆ ನಟಿಸಿ, ಬಿಸ್ಕತ್ತಿನ ಡಬ್ಬ ಇಟ್ಟು ಹೋದರು. ಒಬ್ಬರೂ ನನ್ನ ಮೇಲೆ ಕೂಗಾಡಿರಲಿಲ್ಲ. ಎಷ್ಟು ಸಿಟ್ಟು ಬಂತೆಂದರೆ ಬೈಗುಳಕ್ಕೆ ಉತ್ತರ ಕೊಡುತ್ತ ಕೊಡುತ್ತಲೇ ಲಿಫ್ಟಿನೊಳಗೆ ಬಂದಿದ್ದೆ.

ಈಗ ಮುಖ್ಯ ವಿಷಯ. ಇದನ್ನು ಬರೆಯುವುದು ನನಗೆ ಸುಲಭವಲ್ಲ, ಒಂದೇ ಸಲ ಬರೆಯುತ್ತೇನೆ. ಡಬ್ಬಿ ಅಲ್ಲೇ ಇತ್ತು, ಅದರಲ್ಲಿ ನಾನು ಗೆದ್ದೆ. ಆದರೆ ತಪ್ಪು ನನ್ನದು.

ಚಾಲಕ ಇಳಿದು ಬಂದು, ಮಧ್ಯದ ಬಾಗಿಲಿನ ಹಲಗೆ ಬಿಚ್ಚಿ ನೆಲಕ್ಕೆ ಇಳಿಬಿಟ್ಟ. ನೀವು ನನ್ನನ್ನು ಹಿಮ್ಮುಖವಾಗಿ ಇಳಿಸಿದಿರಿ. ಇಳಿದವನೇ ಅಭ್ಯಾಸಬಲದಿಂದ ಬಸ್ಸು ಹೊರಡುವ ದಿಕ್ಕಿಗೆ ನೋಡಿದೆ. ಒಂಬತ್ತು ಹೆಜ್ಜೆಗೆ ಇದ್ದದ್ದು ಬೇರೆ ಕಂಬ. ನನ್ನ ಕಂಬ ಅಷ್ಟು ದೂರದಲ್ಲಿತ್ತು! ಮೂವತ್ತೊಂದು ವರ್ಷದಲ್ಲಿ ನಾನು ಒಂದು ದಿನವೂ ಮಧ್ಯದ ಬಾಗಿಲಿನಿಂದ ಇಳಿದವನಲ್ಲ. ಚಾಲಕ ಹತ್ತುವುದೂ ಮುಂದಿನ ಬಾಗಿಲಿನಿಂದ, ಇಳಿಯುವುದೂ ಅಲ್ಲಿಂದಲೇ. ನಿವೃತ್ತನಾದ ಮೇಲೂ, “ಏನಣ್ಣಾ, ಚೆನ್ನಾಗಿದೀರಾ?” ಎಂದು ಚಾಲಕನನ್ನು ಮಾತಾಡಿಸಿಕೊಂಡು ಮುಂದಿನಿಂದಲೇ ಇಳಿಯುತ್ತಿದ್ದೆ. ಲೋಕದ ಜನರೆಲ್ಲ ಮುಂದೆ ಹತ್ತಿ ಮಧ್ಯದಲ್ಲಿ ಇಳಿಯುತ್ತಾರೆ ಎಂಬುದು ನನಗೆ ಗೊತ್ತಿತ್ತು. ಕನ್ನಡಿಯಲ್ಲಿ ದಿನಕ್ಕೆ ಸಾವಿರ ಸಲ ನೋಡಿದ್ದೇನೆ. ಹೆಜ್ಜೆ ಎಣಿಸುವಾಗ ಮಾತ್ರ ಅದು ತಲೆಗೆ ಬರಲೇ ಇಲ್ಲ. ನನ್ನ ಒಂಬತ್ತು ಹೆಜ್ಜೆ ನಿಮಗೆ ಹದಿನೇಳು. ನೀವು ಮೂರು ಸಲ ಎಣಿಸಿದ್ದೂ ಸರಿ, ಖಾಲಿ ಬುಡ ಕಂಡದ್ದೂ ಸರಿ. ನಾಲ್ಕು ವರ್ಷ ಜನ ಬೆವರಿದ್ದು ನನ್ನ ಜಾಣತನಕ್ಕಲ್ಲ, ನನ್ನ ದಡ್ಡತನಕ್ಕೆ.

ಇಪ್ಪತ್ತೇಳು ಜನರ ಶೋಧವನ್ನೂ ವಾಪಸು ಹಾಕಿಸಿದ್ದೇನೆ. ಒಬ್ಬೊಬ್ಬರಿಗೂ ಕ್ಷಮೆ ಕೇಳಿ ಬರೆದಿದ್ದೇನೆ, ಬೆರಳು ನೋಯುತ್ತಿದೆ. ಶನಿವಾರ ಭಾನುವಾರ ನಾವು ತೆಗೆದ ಇಪ್ಪತ್ತೆರಡು ಫೋಟೊಗಳನ್ನು ಪರಿಶೀಲಕರು ಒಪ್ಪಿದ್ದಾರೆ. ಸಾಲು ನಕ್ಷೆಯ ಮೇಲೆ ಉಳಿಯುತ್ತದೆ. ಮೂರು ತಿಂಗಳಿಗೊಮ್ಮೆ ಮಾಲೀಕರೇ ಹೋಗಿ ನೋಡಬೇಕು ಎಂದಿದ್ದಾರೆ.

ಒಂದೇ ಒಂದು ಬಾಕಿ. ನಿಮ್ಮ ಶೋಧ. ಡಬ್ಬಿ ತೆಗೆದು ಸುರುಳಿ ಬಿಚ್ಚಿ ಪೆನ್ನು ಕೊಟ್ಟರೆ ನೀವು ಸಹಿ ಮಾಡದೆ ಎದ್ದು ಹೋದಿರಿ. ಯಾಕೆ? ಇನ್ನೂ ಸಿಟ್ಟೇ?

ಜುಮಾತ್

*

ಇಪೋ
8 ಮೇ 2019

ಅಬಾಂಗ್ ಜುಮಾತ್,

ಅಣ್ಣ ಎಂದು ಕರೆದೆನೆಂದು ಉಬ್ಬಬೇಡಿ. ಕಾಲ್ಸೋಮ್ ಅಕ್ಕನ ಗಂಡ ಎಂಬ ಕಾರಣಕ್ಕೆ ಮಾತ್ರ.

ಸಹಿ ಯಾಕೆ ಮಾಡಲಿಲ್ಲವೆಂದು ಕೇಳಿದಿರಿ. ಆಟ ಆಡಿಸುವವರಿಗೆ ಇದನ್ನೂ ಹೇಳಿಕೊಡಬೇಕೇ? ಅಡಗಿಸಿಟ್ಟವರೇ ಬೆರಳು ಮಾಡಿ ತೋರಿಸಿದ ಮೇಲೆ ಅದು ಹುಡುಕಿದ್ದು ಹೇಗಾಗುತ್ತದೆ? ನನ್ನ ಪಾಲಿಗೆ ಹದಿನಾಲ್ಕನೆಯದು ಯಾವತ್ತಿಗೂ ‘ಸಿಗಲಿಲ್ಲ’. ಹಾಗೇ ಹಾಕಿದ್ದೇನೆ, ನೋಡಿಕೊಳ್ಳಿ. ಸೀಸೆ ಕಟ್ಟಿದ್ದು ತಪ್ಪು ಎಂಬುದನ್ನೂ ಒಪ್ಪಿಕೊಳ್ಳುತ್ತೇನೆ, ನೀವೂ ಒಂದೇ ಸಲ ಓದಿ.

ಆದರೆ ನಾನು ಈ ಪತ್ರ ಬರೆಯುತ್ತಿರುವುದು ಅದಕ್ಕಲ್ಲ. ಹತ್ತು ದಿನದಿಂದ ನನಗೆ ಅನ್ನ ಸೇರುತ್ತಿಲ್ಲ. ಶನಿವಾರ ಸಂಜೆ ಅದೇ ಸ್ಟಾಪಿನಲ್ಲಿ ನಾವು ಮುಂದಿನ ಬಸ್ಸಿಗೆ ಕಾಯುತ್ತಿದ್ದೆವು. ಬಸ್ಸು ಬಂತು. ನೀವು ಕೈ ಎತ್ತಿದಿರಿ. ಬಸ್ಸಿನೊಳಗೆ ಬೇಕಾದಷ್ಟು ಜಾಗವಿತ್ತು, ನನ್ನ ಕಣ್ಣಾರೆ ಕಂಡೆ. ಆ ಚಾಲಕ ನಿಧಾನ ಮಾಡಿದ, ಕುರ್ಚಿ ನೋಡಿದ, ಮತ್ತೆ ಜೋರಾಗಿ ಹೊರಟೇ ಹೋದ! ನಾನು “ಏಯ್! ನಿಲ್ಸೋ! ಕಣ್ಣು ಕಾಣ್ಸಲ್ವೇನೋ!” ಎಂದು ರಸ್ತೆಗೆ ಓಡಿದೆ. ನೀವೇನು ಮಾಡಿದಿರಿ? ನನ್ನ ಹೆಗಲ ಚೀಲ ಹಿಡಿದೆಳೆದು, “ಬಿಡಿ ಟೀಚರಮ್ಮ, ಇನ್ನೊಂದು ಬರುತ್ತೆ” ಎಂದಿರಿ. ಒಂದು ಸೀಸೆಗೆ ಮೂರು ಪುಟ ಬೈದ ಮನುಷ್ಯ! ಅಷ್ಟು ದೊಡ್ಡ ಅನ್ಯಾಯವಾದಾಗ ತಲೆ ತಗ್ಗಿಸಿ ಮಡಿಲು ನೋಡಿಕೊಂಡು ಕೂತುಬಿಟ್ಟಿರಿ.

ನನಗೆ ನಿಮ್ಮ ಮೇಲೆ ಬಂದಷ್ಟು ಕೋಪ ಆ ಚಾಲಕನ ಮೇಲೂ ಬರಲಿಲ್ಲ. ನಾಚಿಕೆಯೇ? ಕಾಲಿಲ್ಲದ್ದು ನಿಮ್ಮ ತಪ್ಪೇ? ನೀವು ಬಿಟ್ಟರೆ ನಾಳೆ ಇನ್ನೊಬ್ಬರನ್ನೂ ಬಿಟ್ಟು ಹೋಗುತ್ತಾನೆ. ನಾನು ಬಸ್ಸಿನ ನಂಬರು ಬರೆದುಕೊಂಡಿದ್ದೆ. ದಿನ, ಹೊತ್ತು, ಸ್ಟಾಪು ಎಲ್ಲ ತುಂಬಿಸಿ ಬಸ್ ಕಂಪನಿಗೆ ದೂರಿನ ಅರ್ಜಿ ಸಿದ್ಧ ಮಾಡಿ ಇದರ ಜೊತೆ ಇಟ್ಟಿದ್ದೇನೆ. ಅನ್ಯಾಯವಾದದ್ದು ನಿಮಗೆ. ‘ದೂರುದಾರರು’ ಎಂಬಲ್ಲಿ ನೀವು ಹೆಸರು ಬರೆದು ಸಹಿ ಮಾಡಿ ಕಳಿಸಬೇಕು. ಇಲ್ಲವಾದರೆ ಯಾಕೆ ಮಾಡುವುದಿಲ್ಲ ಎಂದು ನನಗೆ ಬರೆದು ತಿಳಿಸಬೇಕು.

ಸೂಕ್ ಫನ್

*

ಬೆಡೋಕ್
21 ಮೇ 2019

ಟೀಚರಮ್ಮ,

ನಿಮ್ಮ ಪತ್ರ ಬಂದು ನಾಲ್ಕು ದಿನವಾಯಿತು. ಉಪವಾಸದ ತಿಂಗಳು ನಡೆಯುತ್ತಿದೆ. ಸಕ್ಕರೆ ಕಾಯಿಲೆಯವನೆಂದು ಡಾಕ್ಟರು ಉಪವಾಸ ಬೇಡ ಎಂದಿದ್ದಾರೆ. ಊಟ ಬಿಡಲಾಗದವನು ಸುಳ್ಳನ್ನಾದರೂ ಬಿಡೋಣವೆಂದು ಕೂತಿದ್ದೇನೆ.

ಆ ಚಾಲಕ ಕುರ್ಚಿ ನೋಡಿದ ಎಂದಿರಿ. ಆಮೇಲೆ ಅವನು ಏನು ಮಾಡಿದನೆಂದು ನೀವು ನೋಡಲಿಲ್ಲ, ನಾನು ನೋಡಿದೆ. ಕತ್ತನ್ನು ಗಟ್ಟಿಯಾಗಿ ಹಿಡಿದು ನೇರ ಮುಂದಕ್ಕೆ ದೃಷ್ಟಿ ನೆಟ್ಟ. ಹಾಗೆ ಕತ್ತು ಹಿಡಿದರೆ ನೋವಾಗುತ್ತದೆ. ನನಗೆ ಗೊತ್ತು.

2011ರ ಫೆಬ್ರವರಿ, ಒಂದು ಶುಕ್ರವಾರ, ಸಂಜೆ ಐದೂ ನಲವತ್ತು. ನನ್ನ ಬಸ್ಸು ಹನ್ನೊಂದು ನಿಮಿಷ ತಡವಾಗಿತ್ತು. ಆ ವಾರ ಆಗಲೇ ಎರಡು ಸಲ ಡಿಪೊದಲ್ಲಿ ಬೈಸಿಕೊಂಡಿದ್ದೆ. ಹದಿನಾಲ್ಕನೇ ಸ್ಟಾಪಿನಲ್ಲಿ ಇಳಿಯುವವರು ಯಾರೂ ಇರಲಿಲ್ಲ. ಹತ್ತುವವನು ಒಬ್ಬನೇ, ಗಾಲಿಕುರ್ಚಿಯಲ್ಲಿ. ನಲವತ್ತು ವರ್ಷದವನಿರಬಹುದು. ಚೌಕಳಿ ಅಂಗಿ, ತೊಡೆಯ ಮೇಲೆ ತರಕಾರಿ ಚೀಲ. ಕೈ ಎತ್ತಿದ. ನಾನು ವೇಗ ತಗ್ಗಿಸಿದೆ. ಇಳಿಯಬೇಕು, ಹಲಗೆ ಬಿಚ್ಚಬೇಕು, ಅವನನ್ನು ಹತ್ತಿಸಬೇಕು, ಹಲಗೆ ಮಡಚಬೇಕು, ನಾಲ್ಕು ನಿಮಿಷ. ಹನ್ನೊಂದಕ್ಕೆ ನಾಲ್ಕು ಸೇರಿದರೆ ಹದಿನೈದು. ಬಸ್ಸಿನ ಹಿಂದಿನಿಂದ ಯಾರೋ “ಅಂಕಲ್, ಬೇಗ ಹೋಗೋಣ ಅಂಕಲ್” ಎಂದರು. ಅವನ ಕಣ್ಣೂ ನನ್ನ ಕಣ್ಣೂ ಸಂಧಿಸಿದವು. ನಾನು ಕತ್ತು ನೇರ ಹಿಡಿದು ಹೊರಟುಹೋದೆ.

ಕನ್ನಡಿಯಲ್ಲಿ ನೋಡಿದೆ. ಅವನು ಕೂಗಾಡಲಿಲ್ಲ. ಎತ್ತಿದ ಕೈಯನ್ನು ನಿಧಾನವಾಗಿ ಇಳಿಸಿ ತರಕಾರಿ ಚೀಲ ಸರಿಮಾಡಿಕೊಂಡ. ದೂರು ಬರುತ್ತದೆಂದು ಒಂದು ತಿಂಗಳು ಹೆದರಿಕೊಂಡೇ ಡಿಪೊಗೆ ಹೋದೆ. ಬರಲಿಲ್ಲ. ಆಮೇಲೆ ಅಲ್ಲಿ ಹಾಯುವಾಗಲೆಲ್ಲ ನಿಧಾನ ಮಾಡಿ ಹುಡುಕುತ್ತಿದ್ದೆ. ಅವನು ನನ್ನ ಬಸ್ಸಿಗೆ ಮತ್ತೆ ಸಿಗಲೇ ಇಲ್ಲ. ಯಾರಿಗೂ ಹೇಳಿಲ್ಲ, ಕಾಲ್ಸೋಮ್‌ಗೂ ಹೇಳಿಲ್ಲ. ಕಾಲು ಹೋದ ಮೇಲೆ, ಬಸ್ ಸ್ಟಾಪಿನಲ್ಲಿ ಕುರ್ಚಿಯಲ್ಲಿ ಕೂತು ಕೈ ಎತ್ತುವುದನ್ನು ನೆನೆದರೇ ಬೆವರುತ್ತಿದ್ದೆ. ಯಾವ ಮುಖ ಇಟ್ಟುಕೊಂಡು ಎತ್ತಲಿ? ಅದಕ್ಕೇ ಹನ್ನೊಂದು ತಿಂಗಳು ಮನೆಯಲ್ಲಿ ಕೂತು ‘ಎಲ್ಲ ಸರಿಯಿದೆ’ ಎಂದು ಬರೆದದ್ದು. ಶನಿವಾರ ಆ ಬಸ್ಸು ಬಿಟ್ಟು ಹೋದಾಗ ನಿಮ್ಮ ಚೀಲ ಹಿಡಿದೆಳೆದದ್ದೂ ಅದಕ್ಕೇ.

ಆದರೆ ನಿಮ್ಮ ಒಂದು ಮಾತು ನನ್ನನ್ನು ಬಿಡುತ್ತಿಲ್ಲ: ನೀವು ಬಿಟ್ಟರೆ ನಾಳೆ ಇನ್ನೊಬ್ಬರನ್ನೂ ಬಿಟ್ಟು ಹೋಗುತ್ತಾನೆ ಎಂದಿರಲ್ಲ. ಅದು ನಿಜ. ಅರ್ಜಿಗೆ ಸಹಿ ಮಾಡಿದ್ದೇನೆ.

ಆಮೇಲೆ ಕಾಲ್ಸೋಮ್‌ಗೆ ಹೇಳಿ ಇನ್ನೊಂದು ಅರ್ಜಿ ತರಿಸಿದೆ. ಎಂಟು ವರ್ಷದ ಹಿಂದಿನದನ್ನು ಇಟ್ಟುಕೊಂಡು ಆಫೀಸಿನವರು ಏನು ಮಾಡುತ್ತಾರೋ, ನಗುತ್ತಾರೋ, ಕಸಕ್ಕೆ ಹಾಕುತ್ತಾರೋ ಗೊತ್ತಿಲ್ಲ. ತಿಂಗಳು, ಹೊತ್ತು, ಸ್ಟಾಪು ತುಂಬಿಸಿದೆ. ಚಾಲಕನ ಹೆಸರು ಎಂಬಲ್ಲಿ ಜುಮಾತ್ ಬಿನ್ ಸಾರಿಪ್ ಎಂದು ಬರೆದೆ. ಎರಡನ್ನೂ ಒಂದೇ ಲಕೋಟೆಯಲ್ಲಿ ಇಟ್ಟು, ಇವತ್ತು ನಾನೇ ಬಸ್ಸಿನಲ್ಲಿ ಹೋಗಿ ಕೊಟ್ಟು ಬಂದೆ.

ಕಿಟಕಿಯಲ್ಲಿದ್ದ ಹೆಣ್ಣುಮಗಳು ಎರಡನೆಯ ಹಾಳೆ ನೋಡಿ, “ಅಂಕಲ್, ದೂರುದಾರರ ಹೆಸರು ಬಿಟ್ಟಿದೀರಲ್ಲ, ಬರೀರಿ” ಎಂದಳು.

ಅವನ ಹೆಸರು ಗೊತ್ತಿಲ್ಲಮ್ಮ ಎಂದೆ.

ಜುಮಾತ್